ಉಡಾಳ ಅಂತ ಬರೆಯಬೇಡ

ಮಗಳೇ, ಅವ್ವನ ಆಶೀರ್ವಾದ.

ಬ್ಯಾಡಗಿಯಲ್ಲಿ ನೀನು ಪಾಠ ಹೇಳುವ ಹೊಸ ಶಾಲೆಯಲ್ಲಿ ಒಬ್ಬ ಹುಡುಗನನ್ನು ಎಲ್ಲರೂ ‘ಉಡಾಳ’ ಅಂತಲೇ ಕರೆಯುತ್ತಾರೆ, ಅವನ ವರದಿಯಲ್ಲೂ ಹಾಗೇ ಬರೆಯಲಾ ಅಂತ ನೀನು ಕೇಳಿದ್ದೆ. ಬರೆಯಬೇಡ.

ಉಡಾಳ ನಮ್ಮ ಧಾರವಾಡದ ಕಡೆ ದಿನಾ ಕಿವಿಗೆ ಬೀಳುವ ಮಾತು. ಕೆಲಸ ಬಿಟ್ಟು ಊರು ತಿರುಗುವವನು, ಹೇಳಿದ್ದು ಕೇಳದವನು, ಕೈಯಲ್ಲಿದ್ದ ರೊಕ್ಕ ಹಾಳು ಮಾಡುವವನು ಉಡಾಳ. ಆದರೆ ಯಾರು, ಯಾವ ದನಿಯಲ್ಲಿ ಅನ್ನುತ್ತಾರೆ ಅನ್ನೋದು ಮುಖ್ಯ. ಸಂಜೆ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದ ಮೊಮ್ಮಗನಿಗೆ ಅಜ್ಜಿ, “ಎಲ್ಲಿ ತಿರಗಾಕ ಹೋಗಿದ್ದ್ಯೋ ಉಡಾಳ, ಮೊದಲ ಕೈಕಾಲು ತೊಳ್ಕೊ, ರೊಟ್ಟಿ ತಿನ್ನು” ಅಂದರೆ ಅದರಲ್ಲಿ ಬೈಗುಳಕ್ಕಿಂತ ಅಕ್ಕರೆ ಜಾಸ್ತಿ. ಅದೇ ವರನ ಬಗ್ಗೆ ವಿಚಾರಿಸಲು ಬಂದವರ ಮುಂದೆ “ಹುಡುಗ ಉಡಾಳ ಅದಾನ” ಅಂದರೆ ಸಂಬಂಧ ಅಲ್ಲಿಗೇ ಮುಗಿಯಿತು.

ಪುಂಡ ಬೇರೆ. ಅವನು ಇನ್ನೊಬ್ಬರ ಮೇಲೆ ಏರಿ ಹೋಗುವವನು. ಕಿಡಿಗೇಡಿ ಪೇಪರಿನವರ ಮಾತು. ರಾತ್ರಿ ಬಣವೆಗೆ ಬೆಂಕಿ ಹಚ್ಚಿದವರು ಯಾರು ಅಂತ ಗೊತ್ತಾಗದಿದ್ದರೆ ‘ಕಿಡಿಗೇಡಿಗಳು’ ಅಂತ ಬರೆಯುತ್ತಾರೆ. ರೌಡಿ ಪೊಲೀಸರ ಪಟ್ಟಿಗೂ ಸೇರಿದ ಹೆಸರು. ಠಾಣೆಯಲ್ಲಿ ರೌಡಿ ಶೀಟ್ ತೆರೆದರೆ ಸಾಕು, ಕೋರ್ಟಿನಲ್ಲಿ ಏನೂ ಸಾಬೀತಾಗದಿದ್ದರೂ ಜನ ರೌಡಿಶೀಟರ್ ಅಂತಲೇ ಗುರುತಿಸುತ್ತಾರೆ.

ಇಂಥ ಮಾತು ಕಾಗದದ ಮೇಲೆ ಬಂದರೆ ಏನಾಗುತ್ತದೆ ಅಂತ ಹುಬ್ಬಳ್ಳಿಯ ಸೆಟ್ಲಮೆಂಟ್, ಅಂದರೆ ಜನರನ್ನು ಕಾವಲಿನಲ್ಲಿ ಇಟ್ಟಿದ್ದ ಆ ವಸತಿ, ನೋಡಿದರೆ ತಿಳಿಯುತ್ತದೆ. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳು ಅಂತ ಬರೆದುಕೊಂಡರು. ಮುಂದೆ ಆ ಕಾನೂನು ಈ ಕಡೆಗೂ ಬಂತು. ಹುಬ್ಬಳ್ಳಿ, ಗದಗಿನಲ್ಲಿ ಅವರಿಗಾಗಿ ಸೆಟ್ಲಮೆಂಟ್ ಮಾಡಿದರು. ತಂತಿಬೇಲಿ, ದಿನಾ ಹಾಜರಿ, ಹೊರಗೆ ಹೋಗಬೇಕಾದರೆ ಪಾಸು. ಹುಟ್ಟಿದ ಕೂಸಿಗೂ ಅದೇ ಹಣೆಪಟ್ಟಿ! 1952ರಲ್ಲಿ ಕಾನೂನು ರದ್ದಾಯಿತು. ಆದರೂ ಎಲ್ಲೋ ಕಳ್ಳತನ ಆದರೆ ಮೊದಲು ಆ ಜನರ ಕಡೆ ಬೆರಳು ತೋರಿಸುವ ಚಾಳಿ ಹೋಗಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಆ ಹುಡುಗ ಯಾವ ದಿನ ಬರಲಿಲ್ಲ, ಬಂದ ದಿನ ಏನು ಮಾಡಿದ, ಅಷ್ಟೇ ಬರಿ. ಈಗ ಮೆಣಸಿನಕಾಯಿ ಬಿಡಿಸುವ ಕಾಲ ಅಲ್ವಾ? ಅವ್ವ-ಅಪ್ಪನ ಜೊತೆ ಹೊಲಕ್ಕೆ ಹೋಗ್ತಿರಬಹುದು, ಇಲ್ಲಾ ಮನೆಯಲ್ಲಿ ಸಣ್ಣ ತಂಗಿಯನ್ನು ನೋಡ್ಕೊಳ್ತಿರಬಹುದು. ಸುಮ್ನೆ ಊಹೆ ಯಾಕೆ, ಭಾನುವಾರ ಅವರ ಮನೆಗೆ ಹೋಗಿ ಬಾ. ಏನು ಗೊತ್ತಾಯಿತು ಅಂತ ರಾತ್ರಿ ಫೋನ್ ಮಾಡು.

ನಿನ್ನ ಅವ್ವ