ಕಾಯುವ ಹೊತ್ತಿಗೂ ಕೂಲಿ ಸಿಗಲಿ: ಲಾರಿ ಚಾಲಕರ ಕುರಿತು ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಾದ ಶ್ರೀ ಸಂತೋಷ್ ಲಾಡ್ ಅವರಿಗೆ,

ಸಾದರ ನಮಸ್ಕಾರಗಳು.

ನಾನು ಹುಬ್ಬಳ್ಳಿಯಲ್ಲಿ ಸಣ್ಣ ಲಾರಿ ಮಾಲೀಕರ ಟ್ರಿಪ್ ಲೆಕ್ಕ ಬರೆಯುವ ಗುಮಾಸ್ತ. ಚಾಲಕನೂ ಅಲ್ಲ, ಮಾಲೀಕನೂ ಅಲ್ಲ. ಆದರೆ ಬಾಡಿಗೆ ಎಷ್ಟು ಬಂತು, ಅದು ಎಲ್ಲೆಲ್ಲಿ ಕರಗಿತು, ಕೊನೆಗೆ ಸ್ಟಿಯರಿಂಗ್ ಹಿಡಿದವನ ಕೈಯಲ್ಲಿ ಏನು ಉಳಿಯಿತು ಎಂಬುದನ್ನು ಬರೆದಿಡುವುದೇ ನನ್ನ ಉದ್ಯೋಗವಾದ್ದರಿಂದ ಈ ಪತ್ರ ಬರೆಯುವ ಸಲುಗೆ ತೆಗೆದುಕೊಂಡಿದ್ದೇನೆ. ದೇಶದಲ್ಲಿ 22 ಲಕ್ಷ ಚಾಲಕರ ಕೊರತೆಯಿದೆ ಎಂದು ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರು ಹೇಳಿದ್ದಾರೆ. ಅದಕ್ಕೆ ಮದ್ದಾಗಿ ಚಾಲನಾ ತರಬೇತಿ ಕೇಂದ್ರಗಳನ್ನು ತೆರೆಯುವ ಯೋಜನೆಯೂ ಪ್ರಕಟವಾಗಿದೆ. ನಮ್ಮ ಕಡೆಯ ಮಾಲೀಕರ ಬಾಯಲ್ಲೂ ಈಗ ಇದೇ ಮಾತು: "ಗಾಡಿ ಅದಾವ್ರೀ, ಡ್ರೈವರ್ ಸಿಗವಲ್ರು." ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಗಾಡಿ ಓಡಿಸಬಲ್ಲವರು ಇಲ್ಲವಾಗಿದ್ದಾರೆ ಎಂಬ ಅರ್ಥದಲ್ಲಿ ಅದನ್ನು ಕೇಳಿಸಿಕೊಂಡರೆ ರೋಗವೊಂದು, ಮದ್ದೊಂದು ಆಗುತ್ತದೆ.

ಹುಬ್ಬಳ್ಳಿಯಲ್ಲೇ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿಯಿದೆ. ನಮ್ಮ ಸಾರಿಗೆ ನಿಗಮಗಳು ಚಾಲಕ ಹುದ್ದೆಗೆ ಅರ್ಜಿ ಕರೆದಾಗಲೆಲ್ಲ ಹುದ್ದೆಗಳ ಹಲವು ಪಟ್ಟು ಅರ್ಜಿಗಳು ಬಂದು ಬೀಳುತ್ತವೆ. ಬಸ್ಸಿಗೆ ಬೇಕಾದದ್ದೂ ಭಾರಿ ವಾಹನದ ಪರವಾನಗಿಯೇ, ಲಾರಿಗೆ ಬೇಕಾದದ್ದೂ ಅದೇ. ಸಾರಿಗೆ ವಾಹನದ ಚಾಲಕನಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನೂ ಕೇಂದ್ರ 2019ರಲ್ಲಿ ತೆಗೆದುಹಾಕಿತು. ಇಷ್ಟಾದರೂ ಲಾರಿಯ ಕ್ಯಾಬಿನ್ ಖಾಲಿ ಉಳಿದಿದೆ ಎಂದರೆ ಕಾರಣವನ್ನು ಕಲಿಕೆಯಲ್ಲಿ ಹುಡುಕಬಾರದು. ತಿಂಗಳ ಸಂಬಳ, ವಾರದ ರಜೆ, ಭವಿಷ್ಯನಿಧಿ ಇರುವ ಕಡೆಗೆ ಸಾಲು ಇದೆ; ಅವು ಇಲ್ಲದ ಕಡೆಗೆ ಇಲ್ಲ. ಲಾರಿ ಡ್ರೈವರಿಗೆ ಹೆಣ್ಣು ಕೊಡುವುದಿಲ್ಲ ಎನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹೆಣ್ಣಿನ ತಂದೆ ನನಗಿಂತ ಚೆನ್ನಾಗಿ ಲೆಕ್ಕ ಬಲ್ಲವನು.

ಆ ಲೆಕ್ಕವನ್ನೇ ತಮ್ಮ ಮುಂದಿಡುತ್ತೇನೆ. ಒಂದು ಟ್ರಿಪ್ಪಿನ ಬಾಡಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ ಡೀಸೆಲ್ಲಿಗೇ ಹೋಗುತ್ತದೆ. ಉಳಿದದ್ದರಲ್ಲಿ ಟೋಲ್, ಟೈರು, ವಿಮೆ, ಪರ್ಮಿಟ್ಟು, ಗಾಡಿಯ ಸುಸ್ಥಿತಿಯ ಪ್ರಮಾಣಪತ್ರವಾದ ಎಫ್‌ಸಿ, ಫೈನಾನ್ಸಿನ ಕಂತು, ಏಜೆಂಟರ ಕಮಿಷನ್, ಲೋಡಿಂಗ್–ಅನ್‌ಲೋಡಿಂಗ್ ಹಮಾಲಿ, ದಾರಿಯ ಮಾಮೂಲಿ. ಬಂಕಿನವನು ಒಂದು ರೂಪಾಯಿ ಬಿಡುವುದಿಲ್ಲ. ಫಾಸ್ಟ್‌ಟ್ಯಾಗ್ ಯಾರನ್ನೂ ಕೇಳದೆ ಹಣ ಕಡಿದುಕೊಳ್ಳುತ್ತದೆ. ಕಂತು ತಪ್ಪಿದರೆ ಫೈನಾನ್ಸಿನವರು ಗಾಡಿಯನ್ನೇ ಎಳೆದೊಯ್ಯುತ್ತಾರೆ. ಇಡೀ ಪುಟದಲ್ಲಿ ಹಿಡಿದು ಬಗ್ಗಿಸಬಹುದಾದ ಬಾಬತ್ತು ಒಂದೇ, ಅದು ಚಾಲಕನದು. ರಿಟರ್ನ್ ಲೋಡಿಗೆ ಬಾಡಿಗೆ ಕಡಿಮೆಯಾದರೆ, ಡೀಸೆಲ್ ದರ ಏರಿದರೆ, ಮಾಲು ಕಳಿಸುವ ಪಾರ್ಟಿಯವರು ಬಾಕಿ ಕೊಡದೆ ಸತಾಯಿಸಿದರೆ ಏಟು ಬಂದು ಬೀಳುವುದು ಅವನ ಬಾಟಾದ ಮೇಲೆ, ಅಂದರೆ ಅವನ ದಾರಿ ಭತ್ಯೆಯ ಮೇಲೆ. ಅವನ ಬಳಿ ನೇಮಕದ ಪತ್ರವೂ ಇಲ್ಲ, ಸಂಬಳದ ಚೀಟಿಯೂ ಇಲ್ಲ. ನಾನು ನೋಡುವ ಲೆಕ್ಕಗಳಲ್ಲಿ ಅವನ ಕೂಲಿ ತಿಂಗಳಿಗಲ್ಲ, ಟ್ರಿಪ್ಪಿಗೆ. ಟ್ರಿಪ್ಪಿಗೆ ಎಂದ ಮೇಲೆ ಗಾಡಿ ನಿಂತ ಹೊತ್ತಿಗೆ ಏನೂ ಇಲ್ಲ.

ಈ ನಿಂತ ಹೊತ್ತಿನ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕಾಗಿರುವುದು. ತೋರಣಗಲ್ಲಿನ ಉಕ್ಕಾಗಲಿ, ಸೇಡಂ–ವಾಡಿಯ ಸಿಮೆಂಟಾಗಲಿ, ಹಂಗಾಮಿನ ಹೊತ್ತಿನಲ್ಲಿ ಬ್ಯಾಡಗಿಯ ಮೆಣಸಿನಕಾಯಾಗಲಿ, ಲಾರಿ ಗೇಟಿನ ಮುಂದೆ ಸಾಲಿನಲ್ಲಿ ನಿಂತೇ ಲೋಡ್ ಪಡೆಯಬೇಕು. ಸರತಿ ಬರಲು ಒಂದು ರಾತ್ರಿ ಹಿಡಿಯಬಹುದು, ಎರಡು ದಿನವೂ ಹಿಡಿಯಬಹುದು. ಬೆಂಗಳೂರಿನೊಳಗೆ ಭಾರಿ ವಾಹನಗಳಿಗೆ ಹೊತ್ತಿನ ನಿರ್ಬಂಧವಿರುವುದರಿಂದ ನೆಲಮಂಗಲದ ಆಚೆಯೇ ಗಾಡಿ ನಿಲ್ಲಿಸಿ ಕಾಯಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಮಂಗಳೂರಿನ ದಾರಿ ಹಿಡಿದವರು ಸಕಲೇಶಪುರದಲ್ಲಿ ಕಾಯಬೇಕು. ಮಾಲು ಇಳಿಸಿದ ಮೇಲೆ ರಿಟರ್ನ್ ಲೋಡ್ ಸಿಗುವ ತನಕ ಮತ್ತೆ ಕಾಯಬೇಕು. ಅಷ್ಟು ಹೊತ್ತೂ ಅವನು ಗಾಡಿ ಬಿಟ್ಟು ಕದಲುವಂತಿಲ್ಲ. ಟಾರ್ಪಾಲಿನಡಿಯ ಮಾಲು ಹೋದರೆ ಹೊಣೆ ಅವನದೇ, ಡೀಸೆಲ್ ಟ್ಯಾಂಕಿಗೆ ಪೈಪು ಹಾಕಿದರೂ ಅವನದೇ.

ಕಾನೂನು ಇದನ್ನು ಹೇಗೆ ನೋಡುತ್ತದೆ ಎಂಬುದು ತಮಗೆ ತಿಳಿದಿರುತ್ತದೆ, ಆದರೆ ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕೆಲಸದ ಮಿತಿಯನ್ನು ಗೊತ್ತುಪಡಿಸಿತು. ದೂರದ ಮಾರ್ಗಗಳಿಗೆ ಅನುಮತಿ ಪಡೆದು 10 ಮತ್ತು 54 ಗಂಟೆಗಳವರೆಗೆ ಹೋಗಲು ಅವಕಾಶ ಕೊಟ್ಟಿತು. ಅದೇ ಕಾಯ್ದೆ ಕೆಲಸದ ಅವಧಿಯೊಳಗೆ ಏನೇನು ಸೇರುತ್ತದೆ ಎಂದು ವಿವರಿಸುವಾಗ, ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿತು. ಊರಿಂದೂರಿಗೆ ಓಡುವ ಬಸ್ಸನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಮಾತಿದು ಎಂದು ನನ್ನ ಊಹೆ. ಬಸ್ಸು ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ಹೊರಡುತ್ತದೆ. ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ನಿಂತ ಲಾರಿಗೆ ಅದನ್ನು ಹೊಂದಿಸಿದರೆ ಆಗುವ ಅನ್ಯಾಯ ವಿಚಿತ್ರವಾದದ್ದು: ಹತ್ತು ನಿಮಿಷ ಕಾದರೆ ಅದು ಕೆಲಸ, ಹತ್ತು ಗಂಟೆ ಕಾದರೆ ಅಲ್ಲ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೂ ಈ 15 ನಿಮಿಷವನ್ನು ಹಾಗೆಯೇ ಉಳಿಸಿಕೊಂಡಿದೆ.

ಕಾದ ದಿನಕ್ಕೆ ಕೂಲಿಯಿಲ್ಲವಾದರೆ ಚಾಲಕ ಆ ದಿನವನ್ನು ರಸ್ತೆಯ ಮೇಲೆ ವಸೂಲು ಮಾಡಿಕೊಳ್ಳುತ್ತಾನೆ. ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಕೊಡುತ್ತದೆ, ಅಂದರೆ ಸರಕಾರ ಅವನಿಗೆ ಅವಸರ ಮಾಡುತ್ತಿಲ್ಲ. ಅವಸರ ಮಾಡುವುದು ಗೇಟಿನಲ್ಲಿ ಕಳೆದುಹೋದ ಟ್ರಿಪ್ಪು. ಅದಕ್ಕಾಗಿ ಎರಡು ರಾತ್ರಿ ನಿದ್ದೆಗೆಟ್ಟು ಓಡಿಸುತ್ತಾನೆ. ಅಳತೆ ಹಾಕಿ ಕೊಟ್ಟ ಡೀಸೆಲ್ಲಿನಲ್ಲಿ ಉಳಿಸಿದ್ದು ತನಗೇ ಎಂಬ ಕರಾರಿದ್ದರೆ ಅರಬೈಲ್ ಘಾಟಿಯ ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಇಳಿಸುವವರೂ ಇದ್ದಾರೆ; ತಪ್ಪೆಂದು ಅವರಿಗೆ ಗೊತ್ತಿಲ್ಲದೆ ಅಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಿಂತ ಗಾಡಿಯಲ್ಲಿ ಎಸಿ ನಡೆಯಬೇಕಾದರೆ ಎಂಜಿನ್ ಚಾಲೂ ಇರಬೇಕು, ಡೀಸೆಲ್ ಸುಡಬೇಕು. ಆ ಡೀಸೆಲ್ ಯಾರ ಲೆಕ್ಕಕ್ಕೆ ಬರೆಯಬೇಕೆಂದು ಮಾಲೀಕರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

2018ನೆಯ ಇಸವಿಯನ್ನು ಇಲ್ಲಿ ನೆನೆಯಬೇಕು. ಆ ವರ್ಷ ಜುಲೈಯಲ್ಲಿ ಕೇಂದ್ರ ಸರಕಾರ ಲಾರಿಗಳು ಹೊರಬಹುದಾದ ತೂಕವನ್ನು ಏರಿಸಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು. ಅದೇ ವರ್ಷದ ಕೊನೆಯೊಳಗೆ, ಹೊರ ರಾಜ್ಯಗಳಿಗೂ ಓಡುವ ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರು ಇರಬೇಕೆಂಬ ಹಳೆಯ ನಿಯಮವನ್ನು ಕೈಬಿಟ್ಟಿತು. ಭಾರ ಹೆಚ್ಚಿತು, ಹೊರುವವರು ಕಡಿಮೆಯಾದರು. ಖರ್ಚಿನ ಒತ್ತಡದಲ್ಲಿ ಕ್ಲೀನರನೂ ಹೋದ. ಕ್ಲೀನರ್ ಹೋದದ್ದನ್ನು ಯಾರೂ ದೊಡ್ಡ ಸಂಗತಿ ಎಂದು ಎಣಿಸಲಿಲ್ಲ, ಆದರೆ ಈ ಕಸುಬಿನ ಪಾಠಶಾಲೆ ಇದ್ದದ್ದು ಅವನ ಸೀಟಿನಲ್ಲಿ. ಟಾರ್ಪಾಲು ಬಿಗಿಯುತ್ತ, ಟೈರು ತಟ್ಟಿ ನೋಡುತ್ತ, ಘಾಟಿಯಲ್ಲಿ ಗುರುವಿನ ಗೇರು ಬದಲಾವಣೆ ಗಮನಿಸುತ್ತ ಕೆಲವು ವರ್ಷ ಕಳೆದವನೇ ಮುಂದೆ ಒಳ್ಳೆಯ ಡ್ರೈವರ್ ಆಗುತ್ತಿದ್ದ. ಆ ಸೀಟು ಖಾಲಿ ಮಾಡಿದವರೇ ಈಗ ಹೊಸ ಚಾಲಕರು ಬರುತ್ತಿಲ್ಲ ಎಂದು ಚಿಂತಿಸುತ್ತಿದ್ದಾರೆ. 30 ದಿನದ ತರಬೇತಿಯ ಪ್ರಮಾಣಪತ್ರ ಆ ಜಾಗವನ್ನು ತುಂಬಲಾರದು.

ತಾವು ಸಂಡೂರಿನವರು, ಕಲಘಟಗಿಯ ಶಾಸಕರು. ಅದಿರಿನ ಕಾಲದಲ್ಲಿ ಬಳ್ಳಾರಿ ಸೀಮೆಯಿಂದ ಬೇಲೆಕೇರಿ ಬಂದರಿಗೆ ಓಡುತ್ತಿದ್ದ ಲಾರಿಗಳ ಸಾಲು ತಮ್ಮ ಎರಡೂ ಊರುಗಳನ್ನು ಕಂಡದ್ದೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಸಾಲ ಮಾಡಿ ಲಾರಿ ಕೊಂಡವರು ಮುಳುಗಿದ ಕಥೆ ಎಲ್ಲರಿಗೂ ಗೊತ್ತು. ಆ ಲಾರಿಗಳ ಚಾಲಕರು ಏನಾದರು ಎಂದು ಬರೆದಿಟ್ಟ ಪುಸ್ತಕವನ್ನು ನಾನು ನೋಡಿಲ್ಲ. ಅದೇ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ತಾವು ಒಂದು ರಾತ್ರಿ ಹೋದರೆ ಲಾರಿಗಳು ರಸ್ತೆಯ ಅಂಚಿನಲ್ಲಿ, ಢಾಬಾಗಳ ಎದುರು ನಿಂತಿರುವುದು ಕಾಣುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸತ್ತವರಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನ ಬಳಿ ಗಾಡಿ ನಿಲ್ಲಿಸಿದ್ದ ಚಾಲಕರೂ ಇದ್ದರು. ಮೊದಲ ಹಂತದಲ್ಲಿ 1,000 ವಿಶ್ರಾಂತಿ ಕೇಂದ್ರಗಳನ್ನು ಕಟ್ಟುವುದಾಗಿ ಪ್ರಧಾನಿಯವರು ಆ ವರ್ಷದ ಫೆಬ್ರವರಿಯಲ್ಲಿ ಹೇಳಿದ್ದರು. ಕಟ್ಟಡ ಬೇಕು, ನಿಜ. ಆದರೆ ನಿಂತರೆ ನಷ್ಟ ಎಂಬ ಲೆಕ್ಕ ಹಾಗೆಯೇ ಇರುವ ತನಕ ಚಾಲಕ ಆ ಕಟ್ಟಡವನ್ನು ದಾಟಿ ಮುಂದೆ ಹೋಗುತ್ತಾನೆ.

ತಮ್ಮ ಇಲಾಖೆ ಕೈಕಟ್ಟಿ ಕುಳಿತಿದೆ ಎಂದು ನಾನು ಹೇಳಲಾರೆ. 2024ರ ಕಾಯ್ದೆಯಿಂದ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಕಲ್ಯಾಣ ಮಂಡಳಿ ಬಂತು, ವಾಹನಗಳ ಮೇಲಿನ ಸೆಸ್‌ನಿಂದ ಅದಕ್ಕೆ ನಿಧಿಯೂ ಬಂತು. ಅಪಘಾತದಲ್ಲಿ ಸತ್ತ ಚಾಲಕನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಸಿಗುವ ವ್ಯವಸ್ಥೆಯಿದೆ. ಆದರೆ ಅದು ಸತ್ತ ಮೇಲಿನ ಮಾತು. ಬದುಕಿರುವಾಗಿನ ದುಡಿಮೆಯ ಷರತ್ತುಗಳನ್ನು ಮಂಡಳಿ ಮುಟ್ಟುವುದಿಲ್ಲ. ಅದನ್ನು ಮುಟ್ಟಲು ಸಾಧ್ಯವೆಂದು ತಾವೇ 2025ರಲ್ಲಿ, ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ತೋರಿಸಿದ್ದೀರಿ. ಊಟ ತಲುಪಿಸುವ ಹುಡುಗನಿಗೆ ಅರ್ಥವಾಗುವ ಸರಳ ಭಾಷೆಯ ಕರಾರು ಕಡ್ಡಾಯ, ಷರತ್ತು ಬದಲಿಸುವ ಮುನ್ನ 14 ದಿನದ ನೋಟಿಸು ಕಡ್ಡಾಯ. ಆ ಊಟದ ಅಕ್ಕಿಯನ್ನು ಸಿಂಧನೂರಿನಿಂದ ಹೊತ್ತು ತಂದವನಿಗೆ ಅಂಥದೊಂದು ಕಾಗದವೂ ಇಲ್ಲ. ಮೇಲಾಗಿ, 1961ರ ಕಾಯ್ದೆ ಐವರು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗೂ ಅನ್ವಯಿಸುತ್ತಿತ್ತು. ಹೊಸ ಸಂಹಿತೆ ಆ ಸಂಖ್ಯೆಯನ್ನು ಹತ್ತಕ್ಕೆ ಏರಿಸಿದೆ. ನಮ್ಮ ಲಾರಿಗಳಲ್ಲಿ ಬಹುಪಾಲು ಒಂದರಿಂದ ಐದು ಗಾಡಿಯಿರುವವರ ಕೈಯಲ್ಲಿವೆ. ಅಂದರೆ ಚಾಲಕರಲ್ಲಿ ಹೆಚ್ಚಿನವರು ಸಂಹಿತೆಯ ಬಾಗಿಲ ಹೊರಗೇ ಉಳಿದರು.

ಹಾಗಾಗಿ ನನ್ನ ಕೋರಿಕೆ ಕೇಂದ್ರದ ಕಾನೂನನ್ನು ತಿದ್ದಿರಿ ಎಂಬುದಲ್ಲ. ಕನಿಷ್ಠ ವೇತನ ಗೊತ್ತುಪಡಿಸುವ ಅಧಿಕಾರ ರಾಜ್ಯದ್ದು, ಮತ್ತು ಕೇಂದ್ರದ ಇನ್ನೊಂದು ಹೊಸ ಕಾನೂನಾದ ವೇತನ ಸಂಹಿತೆ ಕಾರ್ಮಿಕರ ಸಂಖ್ಯೆಯನ್ನು ನೋಡದೆ ಎಲ್ಲರಿಗೂ ಅನ್ವಯಿಸುತ್ತದೆ. ಸರಕು ಸಾಗಣೆ ಚಾಲಕರಿಗೆ ವೇತನ ಗೊತ್ತುಪಡಿಸುವಾಗ ದಿನದ ದರದ ಜೊತೆಗೆ, ಲೋಡಿಂಗ್ ಮತ್ತು ಅನ್‌ಲೋಡಿಂಗ್ ಸ್ಥಳದಲ್ಲಿ ಕಾದ ಪ್ರತಿ ಗಂಟೆಗೂ ಕೂಲಿಯಿದೆ ಎಂದು ಸ್ಪಷ್ಟವಾಗಿ ಬರೆಯಿಸಿರಿ. ಎಷ್ಟು ಕಾದನೆಂಬುದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ: ಗೇಟಿನ ಎಂಟ್ರಿಯಲ್ಲಿ ಸಮಯವಿದೆ, ತೂಕದ ಚೀಟಿಯಲ್ಲಿ ಸಮಯವಿದೆ, ಇ-ವೇ ಬಿಲ್ಲಿನಲ್ಲೂ ಇದೆ. ಇವನ್ನು ಒಂದು ಟ್ರಿಪ್ ಶೀಟಿನಲ್ಲಿ ಸೇರಿಸಿ, ಮಂಡಳಿಯಲ್ಲಿ ನೋಂದಾಯಿತನಾದ ಚಾಲಕನ ಹೆಸರಿಗೆ ಜೋಡಿಸಿದರೆ ನೇಮಕ ಪತ್ರವಿಲ್ಲದವನಿಗೂ ತಾನು ದುಡಿದದ್ದಕ್ಕೆ ಒಂದು ದಾಖಲೆ ಸಿಗುತ್ತದೆ.

ಇದರ ಹೊರೆ ಒಂದು ಗಾಡಿಯ ಮಾಲೀಕನ ತಲೆಯ ಮೇಲೆ ಬೀಳಬಾರದು ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಅವನೂ ಎಷ್ಟೋ ಸಲ ಸ್ವತಃ ಚಾಲಕ, ಸಾಲಗಾರ. ಬಾಡಿಗೆ ನಿಗದಿಯಾಗುವಲ್ಲಿ ಅವನ ಮಾತು ನಡೆಯುವುದಿಲ್ಲ. ಗಾಡಿಯನ್ನು ಕಾಯಿಸುವವರು ದೊಡ್ಡ ಕಾರ್ಖಾನೆಯವರು, ಗೋದಾಮಿನವರು, ವರ್ತಕರು. ಕಾಯಿಸಿದ್ದಕ್ಕೆ ತೆರಬೇಕಾದವರೂ ಅವರೇ. ಹಾಲ್ಟಿಂಗ್ ಹಣ ಎಂದು ಕೆಲವು ಪಾರ್ಟಿಗಳು ಈಗಲೂ ಕೊಡುತ್ತವೆ, ಆದರೆ ಅದು ಕೇಳಿ, ಕಾಡಿ ಪಡೆಯಬೇಕಾದ ಹಣ, ಮತ್ತು ಬಂದರೂ ಚಾಲಕನವರೆಗೆ ಇಳಿಯುವುದು ಅಪರೂಪ. ಗಂಟೆಯ ದರ ಕಾನೂನಿನಲ್ಲಿ ನಿಗದಿಯಾದರೆ, ಬಾಡಿಗೆ ಮಾತಾಡುವಾಗ ಮಾಲೀಕನ ಕೈಯಲ್ಲೂ ತೋರಿಸಲು ಒಂದು ಆಧಾರವಿರುತ್ತದೆ. ಗೇಟಿನಲ್ಲಿ ನಿಂತ ಲಾರಿಗೆ ತಾಸಿಗಿಷ್ಟು ಎಂದು ತೆರಬೇಕಾಗಿ ಬಂದ ದಿನ ಕಾರ್ಖಾನೆಗಳು ಸರತಿಯನ್ನು ಸರಿಪಡಿಸುವ ದಾರಿಯನ್ನು ತಾವಾಗಿಯೇ ಕಂಡುಕೊಳ್ಳುತ್ತವೆ ಎಂಬುದು ನನ್ನ ನಂಬಿಕೆ.

2025ರ ಏಪ್ರಿಲ್‌ನಲ್ಲಿ ರಾಜ್ಯದ ಲಾರಿಗಳು ಮುಷ್ಕರ ಹೂಡಿದಾಗ ಮಾತುಕತೆಯ ಮುಖ್ಯ ವಿಷಯಗಳು ಡೀಸೆಲ್ ಮೇಲಿನ ತೆರಿಗೆ, ರಾಜ್ಯ ಹೆದ್ದಾರಿಯ ಟೋಲ್, ಗಡಿಯ ಚೆಕ್‌ಪೋಸ್ಟ್ ಇವೇ ಆಗಿದ್ದವು. ಮೇಜಿನ ಒಂದು ಬದಿಗೆ ಸರಕಾರ, ಇನ್ನೊಂದು ಬದಿಗೆ ಮಾಲೀಕರು ಮತ್ತು ಏಜೆಂಟರು. ವೇತನದ ವಿಷಯದಲ್ಲಿ ಸಭೆ ಕರೆಯುವಾಗ ದಯವಿಟ್ಟು ಚಾಲಕರನ್ನೂ ಕೂರಿಸಿರಿ. ಅವರನ್ನು ವಿಕಾಸಸೌಧಕ್ಕೆ ಕರೆದರೆ ಒಂದು ಟ್ರಿಪ್ಪು ತಪ್ಪಿಸಿಕೊಂಡು ಬರಬೇಕಾಗುತ್ತದೆ, ಬರಲಾರರು. ತಮ್ಮ ಅಧಿಕಾರಿಗಳು ಹುಬ್ಬಳ್ಳಿಯ ಗಬ್ಬೂರು ಬೈಪಾಸಿಗೋ, ಯಶವಂತಪುರದ ಟ್ರಕ್ ಟರ್ಮಿನಲ್ಲಿಗೋ ಒಂದು ಸಂಜೆ ಬಂದರೆ ಸಾಕು. ಲೆಕ್ಕದ ಪುಸ್ತಕಗಳನ್ನು, ಹೆಸರು ಮರೆಮಾಡಿ, ಅವರ ಮುಂದಿಡಲು ನಾನು ಸಿದ್ಧನಿದ್ದೇನೆ. ಮಾಲೀಕರಲ್ಲಿ ಕೆಲವರು ಅದಕ್ಕೆ ಈಗಾಗಲೇ ಒಪ್ಪಿಗೆ ಕೊಟ್ಟಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಲಾರಿ ಲೆಕ್ಕ ಬರೆಯುವ ಗುಮಾಸ್ತ
ಹುಬ್ಬಳ್ಳಿ