ತಮ್ಮಲೆಗೆ ಕೇಳಿಸದ ಸ್ವರ

ಆತ್ಮೀಯರೇ,

ದೆಹಲಿಯ ತುಘಲಕಾಬಾದಿನಲ್ಲಿರುವ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್‌ನಲ್ಲಿ ನಡೆದ, ಹಾರುವ ತಟ್ಟೆಗಳನ್ನು ಕೋವಿಯಿಂದ ಹೊಡೆದು ಒಡೆಯುವ ಟ್ರ್ಯಾಪ್ ಸ್ಪರ್ಧೆಯ ಐದೂ ಸುತ್ತುಗಳನ್ನು ಎಡಭುಜಕ್ಕೆ ಕೋವಿ ಆನಿಸಿ ಪೂರೈಸಿ, ಕಳೆದ ವಾರ ಉಡುಪಿಗೆ ಮರಳಿದ್ದೇನೆ. ಹಾರಿದ 125 ತಟ್ಟೆಗಳಲ್ಲಿ ನನ್ನಿಂದ ಒಡೆದದ್ದು 99. ಅಂತಿಮ ಸುತ್ತಿಗೆ ಆಯ್ಕೆಯಾದವರ ಅಂಕಗಳಿಗೂ ಇದಕ್ಕೂ ಬಹಳ ಅಂತರವಿದೆ ಎಂಬುದು ಈ ಕ್ರೀಡೆಯನ್ನು ಬಲ್ಲವರಿಗೆ ಗೊತ್ತು. ಆದರೆ ಎರಡು ವರ್ಷಗಳ ಹಿಂದೆ, ಇನ್ನು ಕೋವಿ ಮುಟ್ಟುವುದಿಲ್ಲ ಎಂದು ನಿಮ್ಮಲ್ಲಿ ಹಲವರ ಮುಂದೆ ಹೇಳಿದವನು ನಾನೇ. ಆ ಮಾತು ಸುಳ್ಳಾಗಲು ಕಾರಣರಾದವರಿಗೆ ಎಲ್ಲರ ಎದುರಿನಲ್ಲಿಯೇ ಕೃತಜ್ಞತೆ ಸಲ್ಲಿಸಬೇಕು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಲಗಣ್ಣಿನ ದೃಷ್ಟಿಗೆ ಏನಾಯಿತು, ಎಷ್ಟು ಉಳಿಯಿತು ಎಂಬುದು ನಿಮಗೆಲ್ಲ ತಿಳಿದೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ಅದರಿಂದ ಆಟಕ್ಕೆ ಏನಾಯಿತು ಎಂಬುದನ್ನಷ್ಟೇ ಹೇಳುತ್ತೇನೆ. ಟ್ರ್ಯಾಪ್‌ನಲ್ಲಿ ರೈಫಲ್ಲಿನ ಹಾಗೆ ನಿಧಾನವಾಗಿ ಗುರಿಯಿಡಲು ಸಮಯವೇ ಇಲ್ಲ. 15 ಮೀಟರ್ ಮುಂದಿರುವ ಕಂದಕದಿಂದ, 110 ಮಿ.ಮೀ. ಅಗಲದ, 105 ಗ್ರಾಂ ತೂಕದ ತಟ್ಟೆಯೊಂದು ಎಡಕ್ಕೋ ಬಲಕ್ಕೋ ನೇರಕ್ಕೋ ಚಿಮ್ಮಿ 76 ಮೀಟರ್ ದೂರದವರೆಗೆ ಹಾರುತ್ತದೆ. ಯಾವ ಕಡೆಗೆ ಎಂಬುದು ಅದು ಹೊರಬಂದ ಮೇಲಷ್ಟೇ ಗೊತ್ತು. ಕಣ್ಣು ತಟ್ಟೆಯ ಮೇಲಿರಬೇಕು, ಕೈ ಕಣ್ಣಿನ ಬೆನ್ನಿಗೆ ಹೋಗಬೇಕು. ನಳಿಗೆಯನ್ನು ನೋಡುತ್ತ ಕುಳಿತರೆ ತಟ್ಟೆ ಕೈತಪ್ಪಿ ಹೋಗುತ್ತದೆ. ಹೀಗಾಗಿ ಕೋವಿಯ ಮರಕ್ಕೆ ಯಾವ ಕೆನ್ನೆ ತಾಗಿರುತ್ತದೆಯೋ ಆ ಬದಿಯ ಕಣ್ಣಿಗೇ ಯಜಮಾನಿಕೆ ಇರಬೇಕು. ನನ್ನಲ್ಲಿ ಆ ಯಜಮಾನಿಕೆ ಎಡಗಣ್ಣಿಗೆ ಹೋದ ದಿನವೇ ಒಂಬತ್ತು ವರ್ಷಗಳ ಬಲಭುಜದ ಅಭ್ಯಾಸ ವ್ಯರ್ಥವಾಯಿತು. ಮುಂದಿಡುವ ಪಾದ, ಕೋವಿಯ ಕುದುರೆ (ಟ್ರಿಗರ್) ಎಳೆಯುವ ಬೆರಳು, ನಳಿಗೆಯನ್ನು ಹೊರುವ ಕೈ, ಎಲ್ಲವೂ ಅದಲುಬದಲಾದವು. ಹುಟ್ಟಿದಾಗಿನಿಂದ ಬಲಗೈಯಲ್ಲಿ ಉಂಡವನು ಎಡಗೈಯಲ್ಲಿ ಗಂಜಿ ಉಣ್ಣಲು ಕುಳಿತ ಹಾಗಿತ್ತು.

ಬಲಗೆನ್ನೆಗೆಂದು ಬಾಗಿಸಿದ್ದ ಕೋವಿಯ ಮರವನ್ನು ಎಡಗೆನ್ನೆಗೆ ಹೊಂದುವಂತೆ ಮಾಡಿಕೊಟ್ಟ ರಿಪೇರಿಯವರಿಗೆ, ಘಟ್ಟದ ಮೇಲಿನ ಮೈದಾನದಲ್ಲಿ ನನ್ನನ್ನು ಹೊಸಬನಂತೆಯೇ ಮೊದಲ ಪಾಠದಿಂದ ಕಲಿಸಿದ ಕೋಚ್ ಸರ್‌ಗೆ, ಚುನಾವಣೆಯ ಕಾಲದಲ್ಲಿ ಠಾಣೆಯಲ್ಲಿರಿಸಿದ್ದ ಕೋವಿಯನ್ನು ಒಂದು ಗೀರೂ ಬೀಳದಂತೆ ಮರಳಿಸಿದ ಸಿಬ್ಬಂದಿಗೆ, ಶಿರಾಡಿ ಘಾಟಿಯ ರಸ್ತೆಯಲ್ಲಿ ಎಷ್ಟೋ ಬೆಳಗಿನ ಜಾವ ಕಾರು ಓಡಿಸಿದ ಗೆಳೆಯರಿಗೆ ನಾನು ಋಣಿ. ಮಳೆಗಾಲದಲ್ಲಿ ಮೈದಾನಕ್ಕೆ ಹೋಗಲಾಗದ ತಿಂಗಳುಗಳಲ್ಲಿ ತೋಟೆ ಇಲ್ಲದ ಕೋವಿಯ ನಳಿಗೆಯೊಳಗೆ ಸಣ್ಣ ಟಾರ್ಚ್ ಇಟ್ಟು, ಹಂಚಿನ ಮಾಡಿನ ಕೆಳಗಿನ ತೊಲೆಯುದ್ದಕ್ಕೂ ಆ ಬೆಳಕನ್ನು ಅಂಚು ತಪ್ಪದಂತೆ ಜಾರಿಸುವುದು ನನ್ನ ಸಂಜೆಯ ಅಭ್ಯಾಸವಾಗಿತ್ತು. ನನ್ನ ಬೆನ್ನ ಹಿಂದೆ ಕುಳಿತು ‘ಎಡ’, ‘ಬಲ’, ‘ನೇರ’ ಎಂದು ಮನಬಂದಂತೆ ಕೂಗುತ್ತಿದ್ದ ಮಗಳಿಗೂ, ನನ್ನ ಕೆನ್ನೆ ಮರದಿಂದ ಮೇಲೆದ್ದಾಗಲೆಲ್ಲ ಅಡುಗೆಮನೆಯ ಬಾಗಿಲಿನಿಂದಲೇ ಎಚ್ಚರಿಸುತ್ತಿದ್ದ ಹೆಂಡತಿಗೂ ಈ 99ರಲ್ಲಿ ದೊಡ್ಡ ಪಾಲಿದೆ.

ಉಳಿದದ್ದನ್ನೆಲ್ಲ ನನ್ನ ತಮ್ಮಲೆಯ ಬಗ್ಗೆ ಬರೆಯಬೇಕಾಗಿದೆ.

ನನ್ನ ಅಮ್ಮನ ಅಣ್ಣನಾದ ಅವರು ಮಲ್ಪೆಯ ಆಳಸಮುದ್ರ ಬೋಟುಗಳಲ್ಲಿ ಬಹುಕಾಲ ತಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ ದುಡಿದವರು. ಇಂಜಿನ್ನಿನ ಪಕ್ಕದಲ್ಲಿಯೇ ಕಳೆದ ವರ್ಷಗಳಿಂದಾಗಿ ಈಗ ಅವರಿಗೆ ಕಿವಿ ಸ್ವಲ್ಪ ಮಂದ. ನಾನು ದೆಹಲಿಗೆ ಒಬ್ಬನೇ ಹೊರಟಿರುವುದು ತಿಳಿದು, ಯಾರೂ ಕರೆಯದಿದ್ದರೂ ಒಂದು ಚೀಲ ಹಿಡಿದು ನಿಲ್ದಾಣಕ್ಕೆ ಬಂದರು. ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೋವಿಪೆಟ್ಟಿಗೆಯ ಸರಪಳಿಯ ತುದಿಯನ್ನು ಮುಂಗೈಗೆ ಸುತ್ತಿಕೊಂಡೇ ಮಲಗಿದ್ದರು.

ರೇಂಜ್ ತಲುಪಿದ ದಿನ ಕಿತ್ತಳೆ ಬಣ್ಣದ ಒಂದು ತಟ್ಟೆಯನ್ನು ಅವರ ಕೈಗೆ ಕೊಟ್ಟೆ. ಮೂಸಿ ನೋಡಿ, ಇದು ಮಣ್ಣಲ್ಲ, ಡಾಂಬರಿನ ವಾಸನೆ ಎಂದರು. ಅವರ ಮಾತು ನಿಜ. ‘ಕ್ಲೇ ಪಿಜನ್’ (ಮಣ್ಣಿನ ಪಾರಿವಾಳ) ಎಂಬ ಹೆಸರಿನಲ್ಲಿ ಜೇಡಿಮಣ್ಣು ಇದ್ದರೂ, ಇಂದಿನ ತಟ್ಟೆಗಳನ್ನು ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹಾಕುತ್ತಾರೆ. ಮೊದಲು ಜೀವಂತ ಪಾರಿವಾಳಗಳನ್ನೇ ಹಾರಿಸಿ ಹೊಡೆಯುತ್ತಿದ್ದರು, 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿಯೂ ಹಾಗೆ ನಡೆದಿತ್ತು, 1880ರಲ್ಲಿ ಅಮೆರಿಕದ ಜಾರ್ಜ್ ಲಿಗೋಸ್ಕಿ ಎಂಬವರು ಮಣ್ಣಿನ ತಟ್ಟೆಯನ್ನು ರೂಪಿಸಿದ್ದರಿಂದ ಕ್ರಮೇಣ ಹಕ್ಕಿಗಳು ಬದುಕಿಕೊಂಡವು ಎಂದು ವಿವರಿಸಿದಾಗ ಅವರ ಮುಖದಲ್ಲಿ ಸಮಾಧಾನ ಕಂಡಿತು. ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದ, 1962ರ ಕೈರೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್‌ನ ಬೆಳ್ಳಿ ಗೆದ್ದ ಬಿಕಾನೇರಿನ ಕರ್ಣಿ ಸಿಂಗ್ ಅವರ ಹೆಸರನ್ನೇ ಆ ಜಾಗಕ್ಕೆ ಇಟ್ಟಿದ್ದಾರೆ ಎಂದೂ ಹೇಳಿದೆ. ಚಪ್ಪಲಿಯನ್ನು ಹೊರಗೆ ಬಿಡಬೇಕೇ ಎಂದು ಕೇಳಿದರು.

ಒಂದು ರೀತಿಯಲ್ಲಿ ಆ ಪ್ರಶ್ನೆ ಸರಿಯಾಗಿಯೇ ಇತ್ತು, ಏಕೆಂದರೆ ಈ ಆಟದಲ್ಲಿ ನಡವಳಿಕೆಯ ಶಿಸ್ತಿಗೆ ಅಂಕಗಳಷ್ಟೇ ಬೆಲೆ ಇದೆ. ಕೋವಿಯನ್ನು ಮಡಚಿ, ಬರಿದಾದ ನಳಿಗೆಗಳು ಎಲ್ಲರಿಗೂ ಕಾಣುವಂತೆ ಹಿಡಿದೇ ನಡೆಯಬೇಕು. ತನ್ನ ಜಾಗದಲ್ಲಿ ನಿಂತ ಮೇಲಷ್ಟೇ ತೋಟೆ ತುಂಬಬೇಕು. ಸಾಲಿನಲ್ಲಿ ಬೇರೆಯವರು ಸಿದ್ಧರಾಗಿರುವಾಗ ಮಾತಿರಲಿ, ಅನಗತ್ಯವಾಗಿ ಅಲುಗಾಡಲೂ ಬಾರದು. ಆರು ಮಂದಿಯ ತಂಡ ಐದು ಜಾಗಗಳಲ್ಲಿ ಒಂದೊಂದೇ ತಟ್ಟೆ ಹೊಡೆಯುತ್ತ ಬಲಕ್ಕೆ ಸರಿಯುತ್ತ ಹೋಗುವುದರಿಂದ, ಒಬ್ಬನ ಅವಸರವೂ ಆಲಸ್ಯವೂ ಉಳಿದ ಐವರ ಲಯವನ್ನು ಕೆಡಿಸುತ್ತದೆ. ತಟ್ಟೆಯನ್ನು ಕರೆಯುವುದು ಸ್ವರದಿಂದಲೇ. ‘ಪುಲ್’ ಎಂದು ಕೂಗಿದೊಡನೆ ಮುಂದಿನ ಮೈಕ್ ಅದನ್ನು ಹಿಡಿದು ತಟ್ಟೆಯನ್ನು ಬಿಡಿಸುತ್ತದೆ.

ಮೊದಲ ದಿನದ ಮೂರು ಸುತ್ತುಗಳಲ್ಲಿ ಎರಡು ಚೆನ್ನಾಗಿಯೇ ಹೋದವು: 25ಕ್ಕೆ 21, ಆಮೇಲೆ 20. ಮೂರನೆಯ ಸುತ್ತಿನ ಮೊದಲ ತಟ್ಟೆಗೆ ಗುಂಡು ತಾಗಿ ಧೂಳು ಎದ್ದುದನ್ನು ನಾನು ಕಣ್ಣಾರೆ ಕಂಡೆ. ಆದರೆ ಚೂರು ಬೀಳಲಿಲ್ಲ. ಕಣ್ಣಿಗೆ ಕಾಣುವ ಒಂದು ಚೂರಾದರೂ ಬಿದ್ದರಷ್ಟೇ ಅಂಕ, ಬರೀ ಧೂಳಿಗೆ ಅಂಕವಿಲ್ಲ ಎಂಬುದು ನಿಯಮ. ರೆಫರಿಯ ತೀರ್ಪು ಸರಿಯಾಗಿತ್ತು. ನನ್ನ ಮನಸ್ಸು ಮಾತ್ರ ಆ ಧೂಳಿನಲ್ಲಿಯೇ ಉಳಿದುಹೋಯಿತು. ಆ ಸುತ್ತಿನಲ್ಲಿ ಬಂದದ್ದು 15.

ಆ ರಾತ್ರಿ ವಸತಿಗೃಹದ ಕೋಣೆಯಲ್ಲಿ ದೀಪ ಹಾಕದೆ ಕುಳಿತಿದ್ದೆ. ಮರುದಿನ ಹೋಗುವುದಿಲ್ಲ, ಬೆಳಗಿನ ರೈಲಿಗೆ ಟಿಕೆಟ್ ನೋಡೋಣ ಎಂದು ತಮ್ಮಲೆಗೆ ಹೇಳಿದೆ. ಅಪ್ಪ ಹೋದ ಮೇಲೆ ಅತ್ತಿರದವನು ಅಂದು ಅತ್ತೆ. ಕಣ್ಣು ಹೋಯಿತು, ಇಷ್ಟು ವರ್ಷ ಮನೆಯ ಹಣವನ್ನು ತೋಟೆಗೆ ಸುರಿದೆ, ಈ ಹಠದಿಂದ ಯಾರಿಗೆ ಏನು ಸಿಕ್ಕಿತು ಎಂದೆಲ್ಲ ಕೇಳಿದೆ. ಅವರು ಸಮಾಧಾನದ ಒಂದು ಮಾತೂ ಆಡಲಿಲ್ಲ. ಸ್ಟೀಲಿನ ಡಬ್ಬಿಯಿಂದ ಅವಲಕ್ಕಿ ತೆಗೆದು, ನೀರು ಚಿಮುಕಿಸಿ, ಬೆಲ್ಲ ಕಲಸಿ ಕೊಟ್ಟರು. ನಾನು ತಿಂದು ಮುಗಿಸುವವರೆಗೆ ಎದುರಿನ ಮಂಚದಲ್ಲಿ ಕುಳಿತಿದ್ದರು. ಆಮೇಲೆ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಗಾ, ನನಗೆ ಈ ಆಟ ಗೊತ್ತಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಮೊದಲ ಎರಡು ಸಲ ನೀನು ಕೂಗಿದ್ದು ಅಲ್ಲಿಯವರೆಗೂ ಕೇಳಿಸಿತು. ಮೂರನೆಯ ಸಲ ನಿನ್ನ ಸ್ವರ ನನಗೆ ಕೇಳಿಸಲೇ ಇಲ್ಲ. ಗಾಳಿಗೆ ಎದುರಾಗಿ ನಿಂತು ಬಲೆ ಎಳೆಸುವವನ ಕೂಗು ಹೊಟ್ಟೆಯಿಂದ ಬರಬೇಕು. ಗಂಟಲಿನಿಂದ ಬಂದರೆ ಬೋಟಿನವರಿಗೆ ತಂಡೇಲ ಹೆದರಿದ್ದಾನೆ ಎಂದು ಗೊತ್ತಾಗುತ್ತದೆ.”

ಆಡಿ ಸುಮ್ಮನಾದರು. ನಿದ್ದೆ ಮಾತ್ರ ಮಾಡಲಿಲ್ಲ. ನಾನು ಎಚ್ಚರವಾದಾಗಲೆಲ್ಲ ಅವರು ಕಿಟಕಿಯ ಬಳಿ ಕುಳಿತೇ ಇದ್ದರು. ಕತ್ತಲಲ್ಲಿ ಅವರ ಮಾತನ್ನು ಯೋಚಿಸಿದಂತೆ ನನಗೆ ಅರ್ಥವಾಯಿತು. ಸ್ವರ ಗಂಟಲಿಗೆ ಏರಿದಾಗ ಉಸಿರು ಎದೆಯಲ್ಲಿ ನಿಲ್ಲುತ್ತದೆ, ಭುಜ ಬಿಗಿಯುತ್ತದೆ, ಏನಾಯಿತೆಂದು ನೋಡುವ ಆತುರದಲ್ಲಿ ತಲೆ ಮರದಿಂದ ಮೇಲೇಳುತ್ತದೆ. ತಲೆ ಎದ್ದರೆ ಗುಂಡು ತಟ್ಟೆಯ ಮೇಲಿನಿಂದ ಹೋಗುತ್ತದೆ. ಮೂರನೆಯ ಸುತ್ತಿನಲ್ಲಿ ನಾನು ಕಳೆದುಕೊಂಡವುಗಳಲ್ಲಿ ಹೆಚ್ಚಿನವು ಹೀಗೆಯೇ ಹೋಗಿದ್ದವು. ತಟ್ಟೆಗಳನ್ನು ಎಣಿಸುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. ಕಿವಿ ಮಂದವಾದವರು ಅದನ್ನು ಗುರುತಿಸಿದ್ದರು.

ಮರುದಿನ ಬೆಂಚಿನತ್ತ ತಿರುಗಿ ನೋಡಲಿಲ್ಲ. ಪ್ರತಿ ತಟ್ಟೆಗೂ ಆ ಬೆಂಚಿನವರೆಗೆ ಮುಟ್ಟುವಂತೆ ಕೂಗಿದೆ, ಅಷ್ಟೇ. ಬಂದದ್ದು 22 ಮತ್ತು 21. ಕೊನೆಯ ತೋಟೆಯ ಖಾಲಿ ಕೊಳವೆಯನ್ನು ಹೆಕ್ಕಿಕೊಂಡು ಹಿಂದಿರುಗಿದಾಗ, ತಮ್ಮಲೆ ಕಿವಿಯ ಹತ್ತಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. “ಕೇಳಿಸಿತು” ಎಂದರು.

ಅವರು ಫೋನಿನಲ್ಲಿ ಏನನ್ನೂ ಓದುವವರಲ್ಲ. ಈ ಭಾನುವಾರ ಬೆಳಿಗ್ಗೆ ಮಲ್ಪೆಗೆ ಹೋಗಿ, ಜಗಲಿಯಲ್ಲಿ ಅವರ ಪಕ್ಕ ಕುಳಿತು, ಇದನ್ನು ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ ಹೇಳುತ್ತೇನೆ.