ಯುರೋಪಿನ ಸೌಮ್ಯ ಚಳಿಗಾಲ: ಸಾಗರ ಪ್ರವಾಹವೊಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಪಶ್ಚಿಮ ಯುರೋಪಿನ ಚಳಿಗಾಲ ಸೌಮ್ಯವಾಗಿರುವುದು ಗಲ್ಫ್ ಸ್ಟ್ರೀಮ್ ಎಂಬ ಅಟ್ಲಾಂಟಿಕ್ ಸಾಗರದ ಉಷ್ಣ ಪ್ರವಾಹದಿಂದಲೇ ಎಂದು ನಮ್ಮ ಗದಗಿನ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಿದ್ದಾರೆ. ಇದು ಅರ್ಧ ಸತ್ಯ. ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದರೂ ಕೆನಡಾದ ದಕ್ಷಿಣ ಲ್ಯಾಬ್ರಡಾರ್ ಜನವರಿಯಲ್ಲಿ ಹಿಮದಡಿ ಹೂತಿರುತ್ತದೆ, ಲಂಡನ್ನಿನ ಸರಾಸರಿ ಉಷ್ಣಾಂಶ ಮಾತ್ರ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೇಸಿಗೆಯಲ್ಲಿ ಕಡಲು ಹೀರಿಟ್ಟುಕೊಂಡ ಶಾಖವನ್ನು ಪಶ್ಚಿಮ ಮಾರುತಗಳು ಚಳಿಗಾಲದಲ್ಲಿ ಯುರೋಪಿಗೆ ಒಯ್ಯುವುದು, ಉತ್ತರ ಅಮೆರಿಕದ ರಾಕಿ ಪರ್ವತಗಳು ಆ ಗಾಳಿಯ ದಾರಿಯನ್ನೇ ಬಾಗಿಸುವುದು ಈ ಅಂತರಕ್ಕೆ ಮುಖ್ಯ ಕಾರಣವೆಂದು ಹವಾಮಾನ ವಿಜ್ಞಾನಿ ರಿಚರ್ಡ್ ಸೀಗರ್ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದ್ದಾರೆ. ಪ್ರವಾಹದ ಪಾಲು ಇಲ್ಲವೆಂದಲ್ಲ; ನಾರ್ವೆಯ ಕರಾವಳಿಯ ಸಮುದ್ರ ಹೆಪ್ಪುಗಟ್ಟದಿರಲು ಅದು ಬೇಕೇಬೇಕು. ಶಿಕ್ಷಕರು ಭೂಪಟದಲ್ಲಿ ಪ್ರವಾಹದ ಕೆಂಪು ಬಾಣದ ಜೊತೆಗೆ ಗಾಳಿಯ ಬಾಣವನ್ನೂ ಎಳೆದು ತೋರಿಸಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

– ಓರ್ವ ಓದುಗ, ಗದಗ